ಹಿತ್ತಲ ನೀಹಾರಿಕೆ

"ಇದು ನಾಸಾದವರದ್ದೋ?"

ನಮ್ಮ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಬಂದವರಲ್ಲಿ ಹೆಚ್ಚಿನವರು ಆ ಚಿತ್ರದ ಮುಂದೆ ನಿಂತು ಕೇಳಿದ ಪ್ರಶ್ನೆ ಇದೊಂದೇ. "ಅಲ್ಲ, ಅಂಕೋಲೆಯದ್ದು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಮನೆಯ ಹಿತ್ತಲಲ್ಲಿ ನಿಂತು ತೆಗೆದದ್ದು" ಎಂದು ನಾನು ಹೇಳಿದ ಕೂಡಲೇ ಅವರ ಮುಖದ ಮೇಲಿನ ಬೆರಗು ಅರ್ಧಕ್ಕರ್ಧ ಇಳಿದುಹೋಗುತ್ತಿತ್ತು. ಒಬ್ಬರಂತೂ "ಹಾಗೋ! ಅದಕ್ಕೇ ಸ್ವಲ್ಪ ಮಸುಕು" ಎಂದು ಸಮಾಧಾನ ಪಟ್ಟುಕೊಂಡು ಮುಂದಿನ ಮೇಜಿಗೆ ಹೋದರು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಮಾತು ಆಕಾಶಕ್ಕೂ ಅನ್ವಯಿಸುತ್ತದೆಂದು ನನಗೆ ತಿಳಿದದ್ದು ಅಂದೇ.

ನಾನು ವಿಜ್ಞಾನದ ಅಕ್ಕೋರಲ್ಲ, ಕನ್ನಡದ ಅಕ್ಕೋರು. ಮೂವತ್ತು ವರ್ಷ ಮಕ್ಕಳ ಪ್ರಬಂಧ ತಿದ್ದಿದವಳು. ಯಾವುದು ಮನಸ್ಸಿಟ್ಟು ಬರೆದದ್ದು, ಯಾವುದು ಗೈಡ್ ನೋಡಿ ಇಳಿಸಿದ್ದು ಎಂಬುದು ಎರಡು ಸಾಲು ಓದುವಷ್ಟರಲ್ಲಿ ಗೊತ್ತಾಗುತ್ತದೆ. ಆ ಅಭ್ಯಾಸಬಲದಿಂದಲೇ ಒಂದು ಆಕಾಶಚಿತ್ರವನ್ನೂ ಓದಿ ನೋಡೋಣವೆಂದು ಹೊರಟಿದ್ದೇನೆ. ಕವಿತೆಗೆ, ಕಾದಂಬರಿಗೆ, ಸಿನಿಮಾಕ್ಕೆ ವಿಮರ್ಶೆ ಇದೆ. ದಿನಕ್ಕೆ ಹತ್ತು ಬಾರಿ ಮೊಬೈಲಿನಲ್ಲಿ ನಮ್ಮ ಕಣ್ಣೆದುರು ಬಂದು ಹೋಗುವ ನೀಹಾರಿಕೆಗಳ ಚಿತ್ರಕ್ಕೆ ಏಕಿರಬಾರದು?

ಮೊದಲು ಒಂದು ಹಳೆಯ ಸಾಲದ ಲೆಕ್ಕ ಹೇಳಿಬಿಡುತ್ತೇನೆ. 1980ರ ಫೆಬ್ರವರಿ 16, ಶನಿವಾರ. ಅಂದಿನ ಖಗ್ರಾಸ ಸೂರ್ಯಗ್ರಹಣದ ನೆರಳು ಅರಬ್ಬಿ ಸಮುದ್ರ ದಾಟಿ ಭಾರತದ ನೆಲ ಮುಟ್ಟಿದ್ದು ನಮ್ಮ ಕಾರವಾರ, ಅಂಕೋಲೆಗಳ ಕರಾವಳಿಯಲ್ಲಿ. ಅಲ್ಲಿಂದ ಅದು ರಾಯಚೂರಿನ ಮೇಲೆ ಹಾದು ಪುರಿಯ ಕಡೆಗೆ ಹೋಯಿತು. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ವಿಜ್ಞಾನಿಗಳು ಉಪಕರಣ ಹೂಡಿ ಕಾದಿದ್ದರು. ನಾವೋ, ಅಂಕೋಲೆಯ ನಮ್ಮ ಮನೆಯ ನೆತ್ತಿಯ ಮೇಲೇ ನೆರಳು ಬರುವಾಗ, ಕದ ಕಿಟಕಿ ಹಾಕಿಕೊಂಡು ಒಳಗೆ ಕೂತಿದ್ದೆವು. ನನಗಾಗ ಹತ್ತು ವರ್ಷ. ಅನ್ನದ ಪಾತ್ರೆಯ ಮೇಲೆ ದರ್ಭೆ, ಬಾಗಿಲಿಗೆ ಅಗುಳಿ. ಮಧ್ಯಾಹ್ನ ಮೂರೂವರೆ ದಾಟುವಾಗ ಹೊರಗೆ ಕೋಳಿಗಳು ಗೂಡು ಸೇರುವ ಗಡಿಬಿಡಿ ಕೇಳಿಸಿತು. ಎರಡು ನಿಮಿಷಕ್ಕೂ ಮೀರಿ ಹಗಲು ಸತ್ತುಹೋಗಿ ಮತ್ತೆ ಹುಟ್ಟಿತು. ಜಗತ್ತಿನ ಜನ ಹಡಗು ಹತ್ತಿ ಹೋಗಿ ನೋಡುವಂಥದು ನಮ್ಮ ಅಂಗಳಕ್ಕೆ ತಾನಾಗಿ ಬಂದಿತ್ತು. ನಾನು ಅದನ್ನು ಕಿವಿಯಿಂದ ಮಾತ್ರ ಕಂಡೆ. ಆಯಿಯ ಮೇಲೆ ಆ ಸಿಟ್ಟು ಬಹಳ ವರ್ಷ ಇತ್ತು.

ಹೀಗಾಗಿ, ಬೆಂಗಳೂರಿನ ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುತ್ತ 2020ರಿಂದ ಅಂಕೋಲೆಯಲ್ಲೇ ಉಳಿದಿರುವ ನನ್ನ ಹಳೆಯ ವಿದ್ಯಾರ್ಥಿನಿ "ಅಕ್ಕೋರೆ, ಒಂದು ಶನಿವಾರ ತವರಿಗೆ ಬಂದಾಗ ರಾತ್ರಿ ನಮ್ಮ ಹಿತ್ತಲಿಗೆ ಬನ್ನಿ" ಎಂದಾಗ ನಾನು ಎರಡನೆಯ ಮಾತಾಡಲಿಲ್ಲ. ನಾನು ಕಲಿಸುವುದು ಕಾರವಾರದಲ್ಲಿ. ಅಲ್ಲಿ ಟಾಗೋರರ ಹೆಸರಿನ ಕಡಲತೀರಕ್ಕೆ ದಿನವೂ ಜನ ಬರುತ್ತಾರೆ, ಸೂರ್ಯ ಮುಳುಗಿದ ಕೂಡಲೇ ಸೀರೆಗೆ ಹತ್ತಿದ ಮರಳು ಕೊಡವಿ ಎದ್ದು ಹೋಗುತ್ತಾರೆ. ಆಮೇಲೆ ದೀಪಗಳದ್ದೇ ರಾಜ್ಯ. ಮೂವತ್ತು ಚಿಲ್ಲರೆ ಕಿಲೋಮೀಟರ್ ದೂರದ ಅಂಕೋಲೆಯಲ್ಲಿ, ಹೆದ್ದಾರಿಯಿಂದ ಒಳಗೆ ಗದ್ದೆ ಬಯಲಿನ ಕಡೆ ಹೋದರೆ, ಇನ್ನೂ ಸ್ವಲ್ಪ ಕತ್ತಲೆ ಉಳಿದಿದೆ.

ಜನವರಿಯ ಅಮಾವಾಸ್ಯೆಯ ಹತ್ತಿರದ ರಾತ್ರಿ. ಇಶಾಡ ಮಾವಿನ ಮರ ಹೂ ಬಿಟ್ಟಿತ್ತು. ಅದರಾಚೆಯ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೆ ನಮ್ಮ ಹಳೆಯ ಥರ್ಮಾಸಿಗಿಂತ ತುಸು ಉದ್ದದ, ಎಂಬತ್ತು ಮಿಲಿಮೀಟರ್ ಮಸೂರದ ದೂರದರ್ಶಕ. ಹಿಂದೆ ಸೆಕೆಂಡ್ ಹ್ಯಾಂಡ್ ಕ್ಯಾಮರಾ. ಭೂಮಿ ಗಂಟೆಗೆ ಹದಿನೈದು ಡಿಗ್ರಿ ತಿರುಗುವುದರಿಂದ ನಕ್ಷತ್ರಗಳು ಸರಿಯುತ್ತಲೇ ಇರುತ್ತವೆ. ಅಷ್ಟೇ ವೇಗದಲ್ಲಿ ದೂರದರ್ಶಕವನ್ನು ತಿರುಗಿಸಲು ಸಣ್ಣ ಮೋಟಾರು. ಅದಕ್ಕೆ ಧ್ರುವನಕ್ಷತ್ರದ ದಿಕ್ಕು ಸರಿಯಾಗಿ ಗೊತ್ತಿರಬೇಕು. ಯಾವ ಊರಿನ ಅಕ್ಷಾಂಶ ಎಷ್ಟೋ ಧ್ರುವ ಅಷ್ಟೇ ಎತ್ತರದಲ್ಲಿ ಕಾಣುತ್ತಾನೆ. ನಮ್ಮಲ್ಲಿ ಹದಿನೈದು ಡಿಗ್ರಿಗೂ ಕಡಿಮೆ, ಅಂದರೆ ನೆರೆಮನೆಯ ತೆಂಗಿನ ಮರಗಳ ಸಂದಿನಲ್ಲಿ. "ಗಾಳಿ ಬಂದರೆ ಧ್ರುವನೂ ಅಡಗುತ್ತಾನೆ ಅಕ್ಕೋರೆ" ಎಂದು ನಗುತ್ತಲೇ ಆ ಹುಡುಗಿ ಅರ್ಧ ಗಂಟೆ ಮೊಣಕಾಲೂರಿ ಕೂತು ಅದನ್ನು ಸರಿಮಾಡಿದಳು.

ದಕ್ಷಿಣದ ಆಕಾಶದ ವಿಷಯದಲ್ಲಿ ಮಾತ್ರ ನಾವು ಭಾಗ್ಯವಂತರು. ಏಪ್ರಿಲ್ ತಿಂಗಳ ರಾತ್ರಿ ಒಂಬತ್ತರ ಹೊತ್ತಿಗೆ ಗಂಗಾವಳಿಯ ದಿಕ್ಕಿನಲ್ಲಿ, ಹೆಚ್ಚೂಕಡಿಮೆ ಅಷ್ಟೇ ತಗ್ಗಿನಲ್ಲಿ, ಕರೀನಾ ನೀಹಾರಿಕೆ ಬಂದು ನಿಲ್ಲುತ್ತದೆ. ಲಂಡನ್ನಿನವರಿಗೆ ಅದು ಜನ್ಮದಲ್ಲಿ ಉದಯಿಸುವುದೇ ಇಲ್ಲ.

ಕ್ಯಾಮರಾ ಜೋಡಿಸುವ ಮೊದಲು ಅವಳು ನನಗೆ ಕಣ್ಣಿಟ್ಟು ನೋಡಲು ಹೇಳಿದಳು. ಮಹಾವ್ಯಾಧನ ಸೊಂಟಪಟ್ಟಿಯ ಮೂರು ನಕ್ಷತ್ರ ನಿಮಗೆಲ್ಲ ಗೊತ್ತು. ಅದರ ಕೆಳಗೆ ತೂಗುವ ಕತ್ತಿಯ ನಡುವಿನ 'ನಕ್ಷತ್ರ'ವೇ ಆ ನೀಹಾರಿಕೆ. ಜೂನ್ ತಿಂಗಳಲ್ಲಿ ಸೂರ್ಯ ಇದೇ ನೆರೆಯ ಮೃಗಶಿರಾ, ಆರಿದ್ರಾ ನಕ್ಷತ್ರಗಳಲ್ಲಿರುವಾಗ ಬರುವ ಮಳೆಯಲ್ಲಿ ನಮ್ಮ ಹಿತ್ತಲು ಕೆರೆಯಾಗುತ್ತದೆ. ಜನವರಿಯಲ್ಲಿ ಅದೇ ನಕ್ಷತ್ರಗಳು ನೆತ್ತಿಯ ಹತ್ತಿರ ನಿಂತು ಇಬ್ಬನಿ ಸುರಿಸುತ್ತವೆ. ದೂರದರ್ಶಕದೊಳಗೆ ನನಗೆ ಕಂಡದ್ದು ಬೂದು ಬಣ್ಣದ ಒಂದು ಉಸಿರು. ಚಳಿಯಲ್ಲಿ ಕನ್ನಡಿಯ ಮೇಲೆ ಹಾ ಎಂದು ಬಿಟ್ಟಂಥದ್ದು. ಅದರೊಳಗೆ ಒತ್ತೊತ್ತಾಗಿ ನಾಲ್ಕು ಸಣ್ಣ ನಕ್ಷತ್ರ. ಬಣ್ಣ ಎಂಬುದೇ ಇಲ್ಲ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿನ ಬಣ್ಣ ಗುರುತಿಸುವ ಕೋಶಗಳು ಕೆಲಸ ಮಾಡುವುದಿಲ್ಲವಂತೆ. ಬೆಳದಿಂಗಳಲ್ಲಿ ಕೆಂಪು ಸೀರೆ ಬೂದಾಗುವುದೂ ಇದೇ ಕಾರಣಕ್ಕೆ. ಆ ಬೆಳಕು ಹೊರಟು ಸುಮಾರು 1,300 ವರ್ಷವಾಯಿತು, ಆಗ ಬಾದಾಮಿಯಲ್ಲಿ ಚಾಲುಕ್ಯರಿದ್ದರು.

ಆಮೇಲೆ ಕ್ಯಾಮರಾ ಕೂಡಿಸಿ ಒಂದೊಂದು ನಿಮಿಷದ ತೊಂಬತ್ತು ಚಿತ್ರ ತೆಗೆದಳು. ಒಂದೊಂದೂ ಅಕ್ಕಿನುಚ್ಚು ಚೆಲ್ಲಿದ ಹಾಗೆ ಕಾಳುಕಾಳು. ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಇಟ್ಟು ಸರಾಸರಿ ತೆಗೆದಾಗ ಆ ಕಾಳು ಅಡಗುತ್ತ, ನಿಜವಾದ ಬೆಳಕು ಮೇಲೆ ಬರುತ್ತದೆ. ಆದರೆ ಇದರ ಲೆಕ್ಕ ಜಿಪುಣತನದ್ದು. ಕಾಳು ಅರ್ಧ ಆಗಬೇಕಾದರೆ ಚಿತ್ರ ನಾಲ್ಕು ಪಟ್ಟು ಬೇಕು. ಮಸೂರಕ್ಕೆ ಮುಚ್ಚಳ ಹಾಕಿ ಕೆಲವು ಕಪ್ಪು ಚಿತ್ರ ತೆಗೆಯಬೇಕು, ಅದು ಕ್ಯಾಮರಾದ ಸ್ವಂತ ದೋಷ ಕಳೆಯಲು. ಬೆಳಗಾಗುವಾಗ ಅವಳ ಅಪ್ಪನ ಬಿಳಿ ಪಂಚೆಯನ್ನು ಮಸೂರದ ಮೇಲೆ ಬಿಗಿದು ಇನ್ನು ಕೆಲವು, ಅದು ಧೂಳಿನ ಕಲೆ ತೆಗೆಯಲು. ನಡುವೆ ಎರಡು ಸಲ ಇಬ್ಬನಿ ಕೂತು ಎಲ್ಲ ಮಬ್ಬಾಯಿತು. ನೀಹಾರವೆಂದರೆ ಮಂಜು, ಇಬ್ಬನಿ. ನೀಹಾರಿಕೆ ಎಂಬ ಹೆಸರು ಬಂದದ್ದೂ ಅದರಿಂದಲೇ. ಮೇಲಿನ ನೀಹಾರಿಕೆಯನ್ನು ಹಿಡಿಯಲು ಹೋದವಳಿಗೆ ಕೆಳಗಿನ ನೀಹಾರ ಅಡ್ಡ ಬಂದಿತ್ತು. ಅವಳು ತಲೆಕೂದಲು ಒಣಗಿಸುವ ಯಂತ್ರ ತಂದು ಬಿಸಿಗಾಳಿ ಹಿಡಿದಳು. ಮಳೆಗಾಲದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯದಂತೆ ಕಾಯುವುದು ಇನ್ನೊಂದು ಕಥೆ. ಆ ನಾಲ್ಕು ತಿಂಗಳು ಆಕಾಶವೇ ಇರುವುದಿಲ್ಲ. ಧನು ರಾಶಿಯ ಕಡೆಯ ಚಂದದ ನೀಹಾರಿಕೆಗಳನ್ನೆಲ್ಲ ಮಾರ್ಚ್, ಏಪ್ರಿಲಿನ ಬೆಳಗಿನ ಜಾವ ಎದ್ದು ನೋಡಬೇಕು.

ಮೊದಲ ಚಿತ್ರ ಮುಗಿಸಿ ಅವಳು ಕಳಿಸಿದಾಗ ನಾನು ಪ್ರಬಂಧ ತಿದ್ದುವ ಹಾಗೆಯೇ ತಿದ್ದಿದೆ. ಒಂದು, ನಡುಭಾಗ ಸುಣ್ಣ ಬಳಿದಂತೆ ಬೆಳ್ಳಗಿತ್ತು. "ನಾನು ಕಣ್ಣಾರೆ ನೋಡಿದ ನಾಲ್ಕು ನಕ್ಷತ್ರ ನಿನ್ನ ಚಿತ್ರದಲ್ಲಿ ಎಲ್ಲಿ ಹೋದವೇ?" ಎಂದು ಕೇಳಿದೆ. ಎರಡು, ಹಿನ್ನೆಲೆಯನ್ನು ಕಾಡಿಗೆಯಷ್ಟು ಕಪ್ಪು ಮಾಡಿದ್ದಳು. ಕಪ್ಪು ಹೆಚ್ಚಿದಷ್ಟೂ ನೋಟ ಎದ್ದು ಕಾಣುವುದು ನಿಜ, ಆದರೆ ನೀಹಾರಿಕೆಯ ಅಂಚಿನ ತೆಳು ಸೆರಗು ಅದರಲ್ಲಿ ಕತ್ತರಿಸಿ ಹೋಗಿತ್ತು. ಸಿಪ್ಪೆ ತೆಗೆಯಲು ಹೋಗಿ ತಿರುಳನ್ನೂ ಎಸೆದಂತೆ. ಮೂರು, ಕೆಂಪು ಜಾತ್ರೆಯ ಬತ್ತಾಸಿನಷ್ಟು ಢಾಳಾಗಿತ್ತು. ಅವಳು ಮುನಿಸಿಕೊಳ್ಳಲಿಲ್ಲ. ಮುಂದಿನ ಅಮಾವಾಸ್ಯೆಗೆ ಐದೈದು ಸೆಕೆಂಡಿನ ಮೂವತ್ತು ಚಿತ್ರ ಬೇರೆಯಾಗಿ ತೆಗೆದು ನಡುಭಾಗಕ್ಕೆ ಸೇರಿಸಿದಳು. ನಾಲ್ಕು ನಕ್ಷತ್ರಗಳೂ ಬಂದವು. ಹಿನ್ನೆಲೆಯನ್ನು ಕಡು ಬೂದಿಗೆ ಇಳಿಸಿದಳು, ಸೆರಗು ಬಂತು. ಪ್ರದರ್ಶನದಲ್ಲಿ "ಸ್ವಲ್ಪ ಮಸುಕು" ಎನ್ನಿಸಿಕೊಂಡದ್ದು ಈ ಎರಡನೆಯ ಚಿತ್ರ. ಆ ಮಸುಕೇ ಅದರ ಪ್ರಾಮಾಣಿಕತೆ ಎಂದು ಅವರಿಗೆ ಹೇಳಬೇಕಿತ್ತು, ಅಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು.

ಹಾಗಾದರೆ ಆ ಕೆಂಪು ಸುಳ್ಳೇ? ಅನೇಕ ಹೆಣ್ಣುಮಕ್ಕಳು ನನ್ನಲ್ಲಿ ಕೇಳಿದ ಪ್ರಶ್ನೆ ಇದು. ಸುಳ್ಳಲ್ಲ. ಆ ಮೋಡದಲ್ಲಿ ಹೆಚ್ಚಿನದು ಜಲಜನಕ. ಒಳಗಿನ ಎಳೆಯ ನಕ್ಷತ್ರಗಳ ತೀಕ್ಷ್ಣ ಬೆಳಕಿಗೆ ಅದು 656.3 ನ್ಯಾನೋಮೀಟರ್ ತರಂಗದ ಕೆಂಪು ಬೆಳಕನ್ನು ಸೂಸುತ್ತದೆ. ಅದು ಅಲ್ಲಿ ಇದೆ, ನಮ್ಮ ಕಣ್ಣಿಗೆ ಎಟುಕುವುದಿಲ್ಲ ಅಷ್ಟೆ. ಸಾಮಾನ್ಯ ಕ್ಯಾಮರಾದೊಳಗಿನ ಒಂದು ಗಾಜು ಈ ಕೆಂಪನ್ನು ಬಹುಪಾಲು ತಡೆಯುತ್ತದೆ. ಅದನ್ನು ತೆಗೆಸಿದರೆ ಮಾತ್ರ ಅದು ಧಾರಾಳವಾಗಿ ಬರುತ್ತದೆ.

ಆದರೆ ಬಣ್ಣ ಹಚ್ಚುವುದೂ ಉಂಟು. ಹಬಲ್ ದೂರದರ್ಶಕ 1995ರಲ್ಲಿ ತೆಗೆದ 'ಸೃಷ್ಟಿಯ ಸ್ತಂಭಗಳು' ಎಂಬ ಪ್ರಖ್ಯಾತ ಚಿತ್ರವನ್ನು ನೀವು ನೋಡಿರುತ್ತೀರಿ. ಗರುಡ ನೀಹಾರಿಕೆಯೊಳಗಿನ ಮೂರು ಕಂಬಗಳು. ಅದರಲ್ಲಿ ಗಂಧಕದ ಬೆಳಕಿಗೆ ಕೆಂಪು, ಜಲಜನಕದ್ದಕ್ಕೆ ಹಸಿರು, ಆಮ್ಲಜನಕದ್ದಕ್ಕೆ ನೀಲಿ ಎಂದು ಬಣ್ಣ ಗೊತ್ತುಮಾಡಿದ್ದರು. ಯಾವ ಅನಿಲ ಎಲ್ಲಿದೆ ಎಂದು ತಿಳಿಯಲಿಕ್ಕೆ. ಭೂಪಟದಲ್ಲಿ ಕರ್ನಾಟಕಕ್ಕೆ ಹಳದಿ, ಗೋವಾಕ್ಕೆ ಗುಲಾಬಿ ಹಚ್ಚಿದ ಹಾಗೆ. ಹಾಗೆ ಮಾಡಿದವರು ಅದನ್ನು ಮುಚ್ಚಿಡಲಿಲ್ಲ. ಆ ವಿವರವನ್ನು ಕತ್ತರಿಸಿ ಬರಿಯ ಬಣ್ಣವನ್ನು ನಮಗೆ ದಾಟಿಸಿದ್ದು ನಡುವಿನವರು. ಕಾರವಾರದಿಂದ ಯಲ್ಲಾಪುರಕ್ಕೆ ಹೋಗುವಾಗ ನೆಲ ಹಳದಿಯಾಗಿಲ್ಲವೆಂದು ಯಾರೂ ಭೂಪಟವನ್ನು ಬಯ್ಯುವುದಿಲ್ಲ, ಅದು ಭೂಪಟವೆಂದು ಎಲ್ಲರಿಗೂ ಗೊತ್ತು.

ನಡುವಿನವರ ಕೈಚಳಕಕ್ಕೆ ಇನ್ನೊಂದು ಉದಾಹರಣೆ 'ದೇವರ ಕಣ್ಣು'. ನಮ್ಮ ಮಹಿಳಾ ಮಂಡಳದ ವಾಟ್ಸಾಪಿಗೆ ಅದು ವರ್ಷಕ್ಕೊಮ್ಮೆಯಾದರೂ ಬರುತ್ತದೆ. 3,000 ವರ್ಷಕ್ಕೊಮ್ಮೆ ಕಾಣುವ ಕಣ್ಣು, ನೋಡಿ ಏಳು ಜನರಿಗೆ ಕಳಿಸಿದರೆ ಇಷ್ಟಾರ್ಥ ಸಿದ್ಧಿ ಎಂದು. ನಿಜದಲ್ಲಿ ಅದು ಕುಂಭ ರಾಶಿಯಲ್ಲಿರುವ ಹೆಲಿಕ್ಸ್ ನೀಹಾರಿಕೆ, ಸುಮಾರು 650 ಜ್ಯೋತಿರ್ವರ್ಷ ದೂರ. ನಮ್ಮ ಸೂರ್ಯನಂಥ ನಕ್ಷತ್ರವೊಂದು ಮುಪ್ಪಿನಲ್ಲಿ ಬಿಟ್ಟುಕೊಟ್ಟ ಹೊದಿಕೆ. ಹಬಲ್ ಮತ್ತು ಅಮೆರಿಕದ ಕಿಟ್ ಪೀಕ್ ವೀಕ್ಷಣಾಲಯದ ಚಿತ್ರಗಳನ್ನು ಜೋಡಿಸಿ 2003ರಲ್ಲಿ ಪ್ರಕಟಿಸಿದ್ದು. ಕುಂಭ ರಾಶಿ ಆಕಾಶದಲ್ಲಿದ್ದಾಗಲೆಲ್ಲ ಅದು ಅಲ್ಲೇ ಇರುತ್ತದೆ. ನಾನು ಇದನ್ನು ಬರೆದು ಹಾಕಿದಾಗ ಗೆಳತಿಯೊಬ್ಬರು "ಭಕ್ತಿಗೆ ಅಡ್ಡ ಬರಬೇಡಿ ಅಕ್ಕೋರೆ" ಎಂದರು. ನನ್ನ ತಕರಾರು ಭಕ್ತಿಯ ಮೇಲಲ್ಲ. ಒಂದು ನಕ್ಷತ್ರದ ಕೊನೆಯುಸಿರು ಎಂದು ತಿಳಿದು ನೋಡಿದರೆ ಕೈ ತಾನಾಗಿ ಜೋಡುತ್ತದೆ. ಏಳು ಜನರಿಗೆ ಕಳಿಸುವ ಗಡಿಬಿಡಿಯಲ್ಲಿ ಚಿತ್ರವನ್ನು ನೋಡುವುದೇ ತಪ್ಪಿಹೋಗುತ್ತದಲ್ಲ, ಅದು ನನ್ನ ಸಂಕಟ.

ನೋಡುವುದು ಎಂಬ ಕೆಲಸಕ್ಕೆ ಎಷ್ಟು ಬೆಲೆ ಎಂದು ತಿಳಿಯಬೇಕಾದರೆ ವಿಲಿಯಮಿನಾ ಫ್ಲೆಮಿಂಗ್ ಎಂಬವಳ ಕಥೆ ಕೇಳಬೇಕು. ಸ್ಕಾಟ್ಲೆಂಡಿನ ಡಂಡಿಯಲ್ಲಿ 1857ರಲ್ಲಿ ಹುಟ್ಟಿದವಳು, ಹದಿಹರೆಯದಲ್ಲೇ ಮಕ್ಕಳಿಗೆ ಪಾಠ ಹೇಳಿದವಳು. ಮದುವೆಯಾಗಿ ಅಮೆರಿಕಕ್ಕೆ ಹೋದಳು. ಬಸುರಿಯಾಗಿದ್ದಾಗ ಗಂಡ ಬಿಟ್ಟುಹೋದ. ಹೊಟ್ಟೆಪಾಡಿಗೆ ಹಾರ್ವರ್ಡ್ ವೀಕ್ಷಣಾಲಯದ ನಿರ್ದೇಶಕ ಎಡ್ವರ್ಡ್ ಪಿಕರಿಂಗ್ ಅವರ ಮನೆಗೆಲಸಕ್ಕೆ ಸೇರಿದಳು. ಮುಂದೆ ಅವರೇ ಅವಳನ್ನು ವೀಕ್ಷಣಾಲಯದ ಕೆಲಸಕ್ಕೆ ಕರೆದುಕೊಂಡರು. ಕೆಲಸ ಅಂದರೆ ಗಾಜಿನ ಫಲಕಗಳ ಮೇಲಿನ ಆಕಾಶಚಿತ್ರಗಳನ್ನು ದಿನವಿಡೀ ಪರೀಕ್ಷಿಸುವುದು. 1888ರಲ್ಲಿ ಮಹಾವ್ಯಾಧನ ಸೊಂಟಪಟ್ಟಿಯ ಹತ್ತಿರದ ಒಂದು ಫಲಕದಲ್ಲಿ, ಮಸುಕು ಬೆಳಕಿನ ಅಂಚನ್ನು ಯಾರೋ ಕಚ್ಚಿ ತೆಗೆದಂಥ ಅರ್ಧಚಂದ್ರದ ಗುರುತು ಅವಳ ಕಣ್ಣಿಗೆ ಬಿತ್ತು. ಇಂದು ಎಲ್ಲರೂ ಚಂದವೆಂದು ಗೋಡೆಗೆ ಹಾಕಿಕೊಳ್ಳುವ ಕುದುರೆಮುಖ ನೀಹಾರಿಕೆ ಅದೇ. ನಂತರ ಬಂದ ನೀಹಾರಿಕೆಗಳ ಸೂಚಿಯಲ್ಲಿ ಅವಳ ಹೆಸರಿರಲಿಲ್ಲ, ಪಿಕರಿಂಗರ ಹೆಸರಿತ್ತು. ಅವಳ ಪಾಲು ಅವಳಿಗೆ ಸಂದದ್ದು ತಡವಾಗಿ. ಅವಳು ಕಂಡುಹಿಡಿದ ನೀಹಾರಿಕೆಗಳು ಐವತ್ತೊಂಬತ್ತು.

ಅವಳು ಆ ಚಿತ್ರ ತೆಗೆದವಳಲ್ಲ, ಓದಿದವಳು. ಅಕ್ಕಿ ಆರಿಸುವಾಗ ಕಲ್ಲು ಹುಡುಕುವ ಕಣ್ಣು ಇದ್ದವಳು. ಆ ಕಣ್ಣು ನಮ್ಮಲ್ಲಿ ಯಾರಿಗೆ ಇಲ್ಲ?

ಇನ್ನು ಹಿತ್ತಲೆಂದು ಮೂಗು ಮುರಿಯುವವರಿಗೆ ಒಂದು ಮಾತು. ಮಹಾವ್ಯಾಧನ ಈ ನೀಹಾರಿಕೆಯ ಮೊದಲ ಛಾಯಾಚಿತ್ರವನ್ನು 1880ರ ಸೆಪ್ಟೆಂಬರ್ 30ರಂದು ತೆಗೆದವನು ಹೆನ್ರಿ ಡ್ರೇಪರ್ ಎಂಬ ಡಾಕ್ಟರು, ತಂದೆಯ ಜಮೀನಿನಲ್ಲಿ ತಾನೇ ಕಟ್ಟಿಕೊಂಡ ವೀಕ್ಷಣಾಲಯದಲ್ಲಿ, 51 ನಿಮಿಷ ಕಾದು. ಜೊತೆಗೆ ದುಡಿದವಳು ಹೆಂಡತಿ ಮೇರಿ ಅನ್ನಾ. ಗಂಡ ತೀರಿಕೊಂಡ ಮೇಲೆ ಅವಳು ಹಾರ್ವರ್ಡಿಗೆ ಕೊಟ್ಟ ಹಣದಿಂದಲೇ ಫ್ಲೆಮಿಂಗ್ ಮತ್ತು ಅವಳ ಜೊತೆಗಾತಿಯರ ದೊಡ್ಡ ಕೆಲಸ ನಡೆದದ್ದು. 1883ರಲ್ಲಿ ಕಣ್ಣಿಗೆ ಕಾಣದ ನಕ್ಷತ್ರಗಳನ್ನೂ ಅದೇ ನೀಹಾರಿಕೆಯಲ್ಲಿ ಹಿಡಿದು ತೋರಿಸಿದ ಆಂಡ್ರೂ ಕಾಮನ್, ಲಂಡನ್ ಹತ್ತಿರದ ಈಲಿಂಗಿನಲ್ಲಿ ತನ್ನ ಮನೆಯ ತೋಟದಲ್ಲಿ ದೂರದರ್ಶಕ ನಿಲ್ಲಿಸಿಕೊಂಡಿದ್ದ ಎಂಜಿನಿಯರು. ಅಂದರೆ ಈ ಕಲೆ ಹುಟ್ಟಿದ್ದೇ ಹಿತ್ತಲಲ್ಲಿ.

ಈಗ ಪೆಟ್ಟಿಗೆಯಿಂದ ತೆಗೆದು ಅಂಗಳದಲ್ಲಿಟ್ಟು ಮೊಬೈಲ್ ಒತ್ತಿದರೆ ತಾನೇ ನೀಹಾರಿಕೆಯನ್ನು ಹುಡುಕಿ, ತಾನೇ ಚಿತ್ರಗಳನ್ನು ಕೂಡಿಸಿ ಕೊಡುವ ಯಂತ್ರಗಳು ಬಂದಿವೆ. ಮಿಕ್ಸಿ ಬಂದಾಗ ರುಬ್ಬುವ ಕಲ್ಲಿನ ಪರವಾಗಿ ಅತ್ತವರಲ್ಲಿ ನಾನಿಲ್ಲ. ಹೆಣ್ಣುಮಕ್ಕಳ ಸಮಯ ಉಳಿಯುವುದು ಸಣ್ಣ ಮಾತಲ್ಲ. ನನ್ನ ಹೆದರಿಕೆ ಬೇರೆಯದು. ಕಾಳು ತೆಗೆಯುವ ಹೆಸರಿನಲ್ಲಿ ಕೆಲವು ಹೊಸ ತಂತ್ರಾಂಶಗಳು, ಮೊದಲು ನೋಡಿದ ಚಿತ್ರಗಳ ನೆನಪಿನಿಂದ, ಇಲ್ಲದ ಎಳೆಗಳನ್ನೂ ಹೆಣೆದುಬಿಡಬಲ್ಲವು. ಅದು ಗೈಡ್ ನೋಡಿ ಬರೆದ ಪ್ರಬಂಧ. ಅಂಕ ಬರಬಹುದು, ಅನುಭವ ಇರುವುದಿಲ್ಲ.

ಆದ್ದರಿಂದ ಅಕ್ಕೋರಾಗಿ ನನ್ನ ಬೇಡಿಕೆ ಇಷ್ಟೇ. ಪತ್ರಿಕೆಯವರಾಗಲಿ, ಪಠ್ಯಪುಸ್ತಕದವರಾಗಲಿ, ಮೊಬೈಲಿನಲ್ಲಿ ಹಂಚುವವರಾಗಲಿ, ನೀಹಾರಿಕೆಯ ಚಿತ್ರದ ಕೆಳಗೆ ನಾಲ್ಕು ಮಾತು ಕನ್ನಡದಲ್ಲಿ ಬರೆಯಲಿ: ಯಾರು ತೆಗೆದರು, ಎಲ್ಲಿಂದ, ಎಷ್ಟು ಹೊತ್ತು ಬೆಳಕು ಕೂಡಿಸಿದರು, ಬಣ್ಣ ಯಾವ ಲೆಕ್ಕದ್ದು. ಕನ್ನಡದಲ್ಲಿ ಇದನ್ನೆಲ್ಲ ತಿಳಿಯಾಗಿ ಹೇಳಲು ಸಾಧ್ಯವೆಂದು ಜಿ.ಟಿ. ನಾರಾಯಣ ರಾವ್, ಬಿ.ಎಸ್. ಶೈಲಜಾ ಅಂಥವರು ತೋರಿಸಿಕೊಟ್ಟಿದ್ದಾರೆ. ಪ್ರದರ್ಶನದ ಚಿತ್ರದ ಕೆಳಗೆ ನಾವು ಹಾಗೆ ಬರೆದಿದ್ದೆವು. ಓದಿದವರು ಕಡಿಮೆ. ಓದಿದವರಲ್ಲಿ ಒಂಬತ್ತನೆಯ ತರಗತಿಯ ಇಬ್ಬರು ಹುಡುಗಿಯರು ಮಾತ್ರ ಮತ್ತೆ ಬಂದು, "ನಾವೂ ಬರಬಹುದೇ ಅಕ್ಕೋರೆ ಅಲ್ಲಿಗೆ?" ಎಂದು ಕೇಳಿದರು. ಅವರ ಮನೆಗಳಿಗೆ ಹೋಗಿ ಒಪ್ಪಿಗೆ ಕೇಳುವಾಗ, "ರಾತ್ರಿ ಹೊತ್ತು ಹೆಣ್ಣುಮಕ್ಕಳು ಹೊರಗೆ ಏಕೆ?" ಎಂಬ ಮಾತು ಬಂತು. ಯಕ್ಷಗಾನದ ಆಟಕ್ಕೆ ಬೆಳಗಿನವರೆಗೆ ಕೂರುವುದಿಲ್ಲವೇ, ಇದೂ ಆಟವೇ, ಚೌಕಿ ಸ್ವಲ್ಪ ದೂರ ಅಷ್ಟೆ ಎಂದೆ. ಒಂದು ಮನೆಯವರು ನಕ್ಕು ಕಳಿಸಿದರು. ಇನ್ನೊಂದು ಮನೆಗೆ ಮತ್ತೊಮ್ಮೆ ಹೋಗಬೇಕಾಗಿದೆ.

ಪ್ರದರ್ಶನ ಮುಗಿದ ಮೇಲೆ ಚಿತ್ರವನ್ನು ಅಂಕೋಲೆಗೆ ಒಯ್ದು ಆಯಿಗೆ ತೋರಿಸಿದೆ. ಆಯಿಗೆ ಈಗ ಎಂಬತ್ತು ದಾಟಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಒಲೆ ಊದುವಾಗ ಬರುವ ಹೊಗೆ ಇದ್ದ ಹಾಗೆ ಇದೆ. ಒಳಗೆ ಕೆಂಡ" ಎಂದಳು. ಇಷ್ಟು ಸರಿಯಾದ ವಿಮರ್ಶೆಯನ್ನು ನಾನು ಬರೆಯಲಾರೆ. ಆಮೇಲೆ ತಾನಾಗಿಯೇ ಹೇಳಿದಳು: "ಆ ಗ್ರಹಣದ ದಿನ ಅಡಿಗೆಮನೆ ನೆಲದ ಮೇಲೆ, ಹಂಚಿನ ಸಂದಿಯಿಂದ ಬಿದ್ದ ಬಿಸಿಲೆಲ್ಲ ಕುಡುಗೋಲು ಕುಡುಗೋಲಾಗಿ ಬಿದ್ದಿತ್ತು. ಎಷ್ಟೊಂದು! ನೋಡಬಾರದೆಂದು ಅದರ ಮೇಲೆ ಚಾಪೆ ಹಾಸಿದೆ. ಹಾಸುವ ಮೊದಲು ಸ್ವಲ್ಪ ಹೊತ್ತು ನೋಡಿದೆ."

ಸಣ್ಣ ತೂತಿನಿಂದ ಕತ್ತಲೆ ಕೋಣೆಗೆ ಬಿದ್ದ ಬೆಳಕು ಸೂರ್ಯನ ಚಿತ್ರವನ್ನೇ ಮೂಡಿಸುತ್ತದೆ. ಗ್ರಹಣ ಹಿಡಿದಿದ್ದರೆ ಕುಡುಗೋಲಿನಂತೆ. ಕ್ಯಾಮರಾದ ಮೂಲ ತತ್ತ್ವ ಅದೇ. ನಾನು ಕದ ಹಾಕಿದ ಮನೆಯೆಂದು ನಲವತ್ತೈದು ವರ್ಷ ಸಿಟ್ಟಿಟ್ಟುಕೊಂಡಿದ್ದ ಮನೆಯಲ್ಲಿ ಆ ಮಧ್ಯಾಹ್ನ ಚಿತ್ರಗಳು ನೆಲದ ತುಂಬ ಬಿದ್ದಿದ್ದವು. ಆಯಿ ನೋಡಿದ್ದಳು, ನನಗೆ ಹೇಳಿರಲಿಲ್ಲ.

"ನನ್ನನ್ನೂ ಕರೆಯಬಾರದಿತ್ತೇ?" ಎಂದೆ.

"ನೀನು ಅಳುತ್ತ ಮಲಗಿದ್ದೆಯಲ್ಲೇ" ಎಂದಳು ಆಯಿ. ಚಿತ್ರವನ್ನು ದೇವರ ಕೋಣೆಯ ಹೊರಗಿನ ಗೋಡೆಗೆ ಹಾಕಲು ಮೊಳೆ ಹುಡುಕಲು ಎದ್ದಳು.